ಮೇ ತಿಂಗಳಲ್ಲಿ ತಣ್ಣಗಿದ್ದ ಕೈ

ಮಾಳಿಂಗರಾಯನ ಕೈ ತಣ್ಣಗಿತ್ತು. ಎಲ್ಲ ರಗಳೆಗೂ ಅದೇ ಮೂಲ.

ಚಳಿಗಾಲವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅದು ಮೇ ತಿಂಗಳು. ಕಮಲಾಪುರದಲ್ಲಿ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಕಾಸಿದಂಥ ನೀರು ಬರುತ್ತಿತ್ತು, ನಿಂತ ಬಸ್ಸಿನ ನೆರಳು ಬಿಟ್ಟು ನಾಯಿಗಳು ಕದಲುತ್ತಿರಲಿಲ್ಲ. ಅಂಥ ಮಧ್ಯಾಹ್ನ ಕೆಲಸದಿಂದ ಬಂದ ಗಂಡನಿಗೆ ಕಸ್ತೂರಿ ನೀರಿನ ತಂಬಿಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಅವಳು ತಂಬಿಗೆ ಬಿಡಲಿಲ್ಲ.

“ಕೈ ಯಾಕ ಇಷ್ಟು ತಣ್ಣಗ ಅವ?”

“ಬಸ್ಸಿನ ಕಿಟಕ್ಯಾಗ ಗಾಳಿ ಬಾಳ ಇತ್ತು,” ಎಂದ ಮಾಳಿಂಗರಾಯ.

ಆ ಗಾಳಿ ಎಂಥದೆಂದು ಕಸ್ತೂರಿಗೆ ಗೊತ್ತಿತ್ತು. ಅದರಲ್ಲಿ ಹಪ್ಪಳ ಸುಡಬಹುದಾಗಿತ್ತು.

ನಿಜ ಸಂಗತಿ ಬೇರೆಯೇ ಇತ್ತು. ಮಾಳಿಂಗರಾಯ ಕಲಬುರಗಿ ಪಕ್ಕದ ನಂದೂರಿನಲ್ಲಿ ಬೇಳೆ ಮಿಲ್ಲಿನ ಮೂಟೆ ತೂಗುವವನು. ಬೆಳಗಿನ ಪಾಳಿ ಮುಗಿಸಿ ದಿನವೂ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದ. ಮಿಲ್ಲಿನ ಮಾಲೀಕ ಧರ್ಮಣ್ಣ ಸಾವ್ಕಾರರು ಒಂದು ದಿನ ಫೋನಿನಲ್ಲಿ ಅಂಟಾರ್ಕ್ಟಿಕಾದ ಮ್ಯಾರಥಾನ್ ನೋಡಿದರು. ಮೀಸೆಯ ಮೇಲೆ ಮಂಜು ಹೆಪ್ಪುಗಟ್ಟಿದ ಜನ ಹಿಮದ ಬಯಲಲ್ಲಿ ಓಡುತ್ತಿದ್ದರು. ಎಲ್ಲರ ಎದೆಯ ಮೇಲೂ ಯಾವುದೋ ಕಂಪನಿಯ ಹೆಸರು. ತಮ್ಮ ತೊಗರಿಬೇಳೆಯ ಹೆಸರು ಮಾತ್ರ ಅಲ್ಲಿ ಕಾಣಲಿಲ್ಲವೆಂದು ಸಾವ್ಕಾರರಿಗೆ ಬಹಳ ಬೇಜಾರಾಯಿತು. ಬರುವ ಡಿಸೆಂಬರಿಗೆ ಮಿಲ್ಲಿನ ಕಡೆಯಿಂದ ಒಬ್ಬರನ್ನು ತಾವೇ ಕಳಿಸುವುದಾಗಿ ಹೇಳಿದರು. ಆಯ್ಕೆಯ ಓಟ ಭಾನುವಾರ, ಕಮಲಾಪುರದಲ್ಲಿ ಅವರು ಕೆಂಪು ಬಾಳೆಹಣ್ಣು ಇಡುವ ಕೋಲ್ಡ್ ಸ್ಟೋರೇಜಿನಲ್ಲಿ.

ಮಾಳಿಂಗರಾಯನನ್ನು ಹುಟ್ಟಿದಾಗಿನಿಂದ ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಶಾಲೆಯ ಕಬಡ್ಡಿಯಲ್ಲಿ ಕೂಡ ಕೊನೆಗೆ ಉಳಿದವನಾಗಿ ಯಾವುದಾದರೊಂದು ಕಡೆಗೆ ಸೇರುತ್ತಿದ್ದ. ಈ ಸಲವಾದರೂ ತನ್ನ ಹೆಸರನ್ನು ಯಾರಾದರೂ ಕೂಗಬೇಕೆಂಬ ಆಸೆ ಅವನ ನಿದ್ದೆ ಕೆಡಿಸಿತು. ಕೋಲ್ಡ್ ಸ್ಟೋರೇಜು ಕಾಯುವ ಇಮಾಮುದ್ದೀನ್ ಅವನ ಹಳೆಯ ಗೆಳೆಯ. ದಿನವೂ ಬಸ್ಸಿಳಿದು ಒಂದು ತಾಸು ಒಳಗೆ ಅಭ್ಯಾಸ ಮಾಡಲು ಬಿಡುವಂತೆ ಮಾಳಿಂಗರಾಯ ಅವನನ್ನು ಒಪ್ಪಿಸಿದ. ಹಿಮದ ಚಳಿ ಬೇಕಲ್ಲ ಎಂದು ಇಮಾಮುದ್ದೀನ್ ಯಂತ್ರವನ್ನೂ ಇನ್ನಷ್ಟು ತಂಪಿಗೆ ತಿರುಗಿಸುತ್ತಿದ್ದ.

“ಮೊದಲು ಚಳಿ ಮೈಗೆ ಒಗ್ಗಲಿ,” ಎನ್ನುತ್ತಿದ್ದ ಮಾಳಿಂಗರಾಯ. “ಓಡೋದು ಕಾಲಿಗೆ ಕಲಿಸಬೇಕೇನು?”

ಹೆಂಡತಿಗೆ ಹೇಳುವಂತಿರಲಿಲ್ಲ. ಪಕ್ಕದ ಮನೆಯ ಇಕ್ಬಾಲ್ ಬೇಗಂಳ ಮಗ ಸಮೀವುಲ್ಲಾ ಅದೇ ಮಿಲ್ಲಿನಲ್ಲಿದ್ದ, ಅವನಿಗೂ ಹೋಗುವ ಆಸೆಯಿತ್ತು. ಕಸ್ತೂರಿಗೆ ಹೇಳಿದ್ದು ಬೇಗಂಗೆ ಮುಟ್ಟಲು ಒಂದು ಒಗ್ಗರಣೆ ಹಾಕುವಷ್ಟು ಹೊತ್ತು ಸಾಕು.

ಹೇಳದೆ ಇದ್ದದ್ದೂ ಬೇಗಂಗೆ ಮುಟ್ಟಿತು. ಆ ಸಂಜೆಯೇ ಕಸ್ತೂರಿ ತಣ್ಣನೆ ಕೈಯ ವಿಷಯ ಎತ್ತಿದಾಗ ಬೇಗಂ ಕುರ್ಚಿ ಹತ್ತಿರ ಎಳೆದುಕೊಂಡಳು.

“ನಮ್ಮ ಸಮೀ ಅದೇ ಬಸ್ಸಿಗೆ ಬಂದಾನ. ಅಂಗಿ ಹಿಂಡಿದ್ರ ಬಕೀಟು ತುಂಬ್ತಿತ್ತು. ನಿನ್ನ ಗಂಡ ಒಂದು ತಾಸು ತಡಾ ಮಾಡಿ ಬರ್ತಾನ, ಮೈಮ್ಯಾಲ ಬೆವರ ಹನಿ ಇಲ್ಲ. ಎಲ್ಲೋ ಎಸಿ ಅದ, ಬೇಟಿ.”

“ನಮ್ಮೂರಾಗ ಎಸಿ ಯಾರ ಹತ್ರ ಅದ, ಆಪಾ?”

“ಬ್ಯಾಂಕಿನ್ಯಾಗ ಅದ. ಅಲ್ಲಿ ತಾಸುಗಟ್ಟಲೆ ಯಾರಿಗೂ ಕುಂದ್ರಗೊಡೂದಿಲ್ಲ.” ಬೇಗಂ ದನಿ ಇಳಿಸಿದಳು. “ಬಸ್ ಸ್ಟ್ಯಾಂಡಿನ ಮುಂದ ರಾಜೇಶ್ರೀ ಬ್ಯೂಟಿ ಪಾರ್ಲರ್ ತೆರದಾಳಲ್ಲ, ಬೋರ್ಡಿನ ಮ್ಯಾಲ ಎಸಿ ಅಂತ ಬರಸ್ಯಾಳ.”

ಕಸ್ತೂರಿಗೆ ಇನ್ನೊಂದು ನೆನಪಾಯಿತು. “ಅವರ ಮೈಯಾಗ ಬಾಳಿಹಣ್ಣಿನ ವಾಸನಿನೂ ಬರ್ತದ.”

“ಪಾರ್ಲರಿನ್ಯಾಗ ಮುಖಕ್ಕ ಹಚ್ಚೂದು ಅದನ್ನೇ,” ಎಂದಳು ಬೇಗಂ. ಇನ್ನು ಸಂಶಯಕ್ಕೆ ಜಾಗವೇ ಉಳಿಯಲಿಲ್ಲ.

ಮರುದಿನ ಶನಿವಾರ ಬಸ್ಸು ಬರುವ ಹೊತ್ತಿಗೆ ಇಬ್ಬರೂ ಪಾರ್ಲರಿಗೆ ನುಗ್ಗಿದರು. ರಾಜೇಶ್ರೀ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದಳು. ಎಸಿ ಬೋರ್ಡಿನ ಮೇಲೆ ಮಾತ್ರ ಇತ್ತು. ಎರಡು ದಿನದಿಂದ ಗಿರಾಕಿ ಕಾಣದ ಆಕೆ ಬಂದವರನ್ನು ಬಿಡುವಂತಿರಲಿಲ್ಲ. ಕಸ್ತೂರಿ ಬಾಯಿ ತೆರೆಯುವುದರೊಳಗೆ ಕುರ್ಚಿಯಲ್ಲಿ ಕೂರಿಸಿ, ದಾರ ಹಿಡಿದು ಒಂದು ಹುಬ್ಬು ತೀಡಿ ಮುಗಿಸಿದಳು.

ಆಗ ಗಾಜಿನಾಚೆ ಬಸ್ಸು ನಿಂತಿತು. ಮಾಳಿಂಗರಾಯ ಇಳಿದ. ಅತ್ತಿತ್ತ ಕಳ್ಳನ ಹಾಗೆ ನೋಡಿ, ಚೀಲದಿಂದ ಸ್ವೆಟರ್ ತೆಗೆದು ಹೆಗಲಿಗೆ ಹಾಕಿಕೊಂಡು, ಸಂತೆ ಬಯಲಿನ ಹಿಂದಿನ ಓಣಿಗೆ ತಿರುಗಿದ.

“ಗುಲಾಬಿ ಬಣ್ಣದ್ದು,” ಎಂದಳು ಬೇಗಂ. “ಹೆಣ್ಮಕ್ಕಳದು.”

ಕಸ್ತೂರಿ ಒಂದೇ ಹುಬ್ಬಿನಲ್ಲಿ ಎದ್ದು ನಡೆದಳು, ಹಿಂದೆಯೇ ಬೇಗಂ.

ಅದೇ ಹೊತ್ತಿಗೆ ಧರ್ಮಣ್ಣ ಸಾವ್ಕಾರರೂ ಕಲಬುರಗಿಯಿಂದ ಕಾರಿನಲ್ಲಿ ಆ ಓಣಿಯ ಕೋಲ್ಡ್ ಸ್ಟೋರೇಜಿಗೇ ಬರುತ್ತಿದ್ದರು. ಬಾಳೆಹಣ್ಣಿಗೆ ತಂಪು ಹಿತ, ವಿಪರೀತ ಚಳಿ ಆಗಿಬರುವುದಿಲ್ಲ, ಸಿಪ್ಪೆ ಕಪ್ಪಾಗುತ್ತದೆ. ವಾರದಿಂದ ಅವರ ಹಣ್ಣು ದಿನಕ್ಕೊಂದಿಷ್ಟು ಕಪ್ಪಾಗುತ್ತಿತ್ತು. ಯಾರೋ ಆಗದವರು ಯಂತ್ರಕ್ಕೆ ಕೈ ಹಾಕುತ್ತಿದ್ದಾರೆಂದು ಅವರಿಗೆ ಗುಮಾನಿ. ಕಾರನ್ನು ದೂರ ನಿಲ್ಲಿಸಿ, ಸದ್ದಿಲ್ಲದೆ ಬಂದು, ಬಾಗಿಲಿನ ಸಣ್ಣ ಗಾಜಿಗೆ ಕಣ್ಣು ಹಚ್ಚಿದರು.

ಒಳಗೆ ಗುಲಾಬಿ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡ ಮಾಳಿಂಗರಾಯ ಕ್ರೇಟುಗಳ ಸುತ್ತ ಓಡುತ್ತಿದ್ದ. ಹಿಂದೆ ಅವನ ಹೆಂಡತಿ ಓಡುತ್ತಿದ್ದಳು. ಇಮಾಮುದ್ದೀನ್ ಮೂಲೆಯಲ್ಲಿ ಕೈ ಜೋಡಿಸಿ ನಿಂತಿದ್ದ. ಬೇಗಂ ಯಂತ್ರದ ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿಕೊಂಡಿದ್ದಳು.

“ಯಾರದರೀ ಆ ಸ್ವೆಟರ್? ಹೆಸರು ಹೇಳ್ರಿ,” ಎಂದು ಕಸ್ತೂರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಹಲೀಮಾಂದು,” ಎಂದ ಮಾಳಿಂಗರಾಯ, ಏದುಸಿರು ಬಿಡುತ್ತ.

“ಯಾವಾಕಿ ಅಕಿ?”

“ನನ್ನ ಹೇಂತಿ, ತಂಗಿ,” ಎಂದ ಇಮಾಮುದ್ದೀನ್. “ಬ್ಯಾಸಗ್ಯಾಗ ಎಲ್ಲೂ ಸ್ವೆಟರ್ ಸಿಗಲಿಲ್ಲ, ನಾನೇ ಕೊಟ್ಟೀನಿ. ಇವ ಹಿಮದಾಗ ಓಡಾಕ ರೂಢಿ ಮಾಡಾಕತ್ತಾನ.”

“ಹಿಮದಾಗ ಯಾರರೆ ಓಡ್ತಾರೇನು? ಸುಳ್ಳು ಹೇಳೂದಾದ್ರ ಛಲೋ ಸುಳ್ಳರೆ ಹೇಳ್ರಿ,” ಎನ್ನುತ್ತ ಕಸ್ತೂರಿ ಇನ್ನೊಂದು ಸುತ್ತು ಬಂದಳು. ಮದುವೆಯ ದಿನದಿಂದ ಗಂಡ ಹೇಳಿದ ಸುಳ್ಳುಗಳನ್ನು ಒಂದೊಂದಾಗಿ ಎತ್ತಿ ಆಡುತ್ತಿದ್ದಳು. ಮಾಳಿಂಗರಾಯನ ಕಾಲು ಸೋತು ಅವನು ಕ್ರೇಟಿನ ಮೇಲೆ ಕುಸಿದ. ಅವಳ ಮಾತು ಮಾತ್ರ ನಿಲ್ಲಲಿಲ್ಲ.

ಸಾವ್ಕಾರರು ಬಾಗಿಲು ತೆರೆದು ಒಳಗೆ ಬಂದರು. ಅವರು ಕಪ್ಪು ಹಣ್ಣು ನೋಡಿದರು, ಯಂತ್ರ ನೋಡಿದರು, ಕೊನೆಗೆ ಕಸ್ತೂರಿಯನ್ನು ನೋಡುತ್ತ ನಿಂತರು. ತನ್ನ ಓಟವನ್ನು ಸಾವ್ಕಾರರು ಕಣ್ಣಾರೆ ಕಂಡರಲ್ಲ ಎಂದು ಮಾಳಿಂಗರಾಯನಿಗೆ ಒಳಗೊಳಗೇ ಆಸೆ ಚಿಗುರಿತು. ಎದ್ದು ನಿಂತು ಟೋಪಿ ಸರಿಮಾಡಿಕೊಂಡ.

“ನಾಳಿನ ಓಟ ಬ್ಯಾಡ,” ಎಂದರು ಸಾವ್ಕಾರರು. “ನನ್ನ ಆಯ್ಕೆ ಮುಗೀತು. ಸೀರಿ ಉಟ್ಟು, ಚಪ್ಪಲಿ ಮ್ಯಾಲ, ಸ್ವೆಟರ್ ಇಲ್ಲದ ಓಡ್ಯಾಳ. ಅದೂ ಬೈಕೋತ ಓಡ್ಯಾಳ. ದಮ್ಮು ಹತ್ತಿಲ್ಲ. ಹೆಸರೇನವ್ವಾ ನಿಂದು?”

“ಸಾವ್ಕಾರ್ರ, ಅಕಿ ಮಿಲ್ಲಿನಾಗ ಕೆಲಸ ಮಾಡೂದಿಲ್ಲ,” ಎಂದ ಮಾಳಿಂಗರಾಯ. ಅವನ ದನಿ ಅಳುವ ಹಾಗಿತ್ತು.

“ನಿನ್ನ ಎಬ್ಬಿಸಿ, ಬುತ್ತಿ ಕಟ್ಟಿ ಮಿಲ್ಲಿಗೆ ಕಳಸೂದ್ಯಾರು? ಅಕಿನೂ ಮಿಲ್ಲಿನಾಕಿನೇ.”

ಕಸ್ತೂರಿಗೆ ಇನ್ನೂ ಸಂಶಯ. “ಅಲ್ಲಿ ಖರೇನ ಇದಕ್ಕಿಂತ ತಣ್ಣಗ ಇರ್ತದೇನ್ರಿ?”

“ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ, ತಾಯಿ.”

“ಹಂಗಾದ್ರ ಹೋಗ್ತೀನಿ,” ಎಂದಳು. ಮೇ ತಿಂಗಳಲ್ಲಿ ಬೇರೆ ಕಾರಣ ಬೇಕಿರಲಿಲ್ಲ.

ಒಳ್ಳೆಯ ಹಣ್ಣನ್ನು ಬೇರೆ ಕೋಣೆಗೆ ಸಾಗಿಸಿ ಅವಳಿಗೆ ಅಭ್ಯಾಸಕ್ಕೆ ಜಾಗ ಮಾಡಿಕೊಟ್ಟರು. ಕಪ್ಪಾದದ್ದನ್ನೆಲ್ಲ ಮಾಳಿಂಗರಾಯನ ತಲೆಯ ಮೇಲೆ ಹೊರಿಸಿ ಮನೆಗೆ ಕಳಿಸಿದರು.

ಭಾನುವಾರ ಮಧ್ಯಾಹ್ನ ಕಸ್ತೂರಿ ಅಭ್ಯಾಸಕ್ಕೆ ಹೋದಳು, ಇನ್ನೊಂದು ಹುಬ್ಬು ತೀಡಿಸಿಕೊಂಡು. ಮಾಳಿಂಗರಾಯ ಕಟ್ಟೆಯ ಮೇಲೆ ಬೇಗಂಳ ಎದುರು ಕುಳಿತು ಕಪ್ಪು ಬಾಳೆಹಣ್ಣು ಸುಲಿದು ತಿನ್ನುತ್ತಿದ್ದ. ಹೊಟ್ಟೆಯೊಳಗೆ ಹಣ್ಣಿಗಿಂತ ಉರಿಯೇ ಹೆಚ್ಚಿತ್ತು. ಒಂದು ತಾಸಿಗೆ ಹೆಂಡತಿ ಬಂದಳು. ಎದ್ದು ನೀರಿನ ತಂಬಿಗೆ ಕೊಟ್ಟ. ಬೆರಳಿಗೆ ಬೆರಳು ತಾಗಿತು. ಅವನು ತಂಬಿಗೆ ಬಿಡಲಿಲ್ಲ.

“ಕೈ ಬೆಚ್ಚಗ ಅವ,” ಎಂದ.

ಬೇಗಂ ಕುರ್ಚಿ ಎಳೆದುಕೊಂಡು ಕಸ್ತೂರಿಯ ಹಣೆ ನೋಡಿದಳು. “ಬೆವರೂ ಬಂದದ.”

“ಒಂದು ತಾಸು ಕೋಲ್ಡ್ ಸ್ಟೋರೇಜಿನಾಗ ಇದ್ದಾಕಿ ಕೈ ಬೆಚ್ಚಗ ಹೆಂಗ ಇರ್ತಾವ?” ಮಾಳಿಂಗರಾಯನ ದನಿ ಓಣಿಗೆಲ್ಲ ಕೇಳಿಸುವಷ್ಟು ಏರಿತು. “ಖರೇ ಹೇಳು, ಎಲ್ಲಿ ಹೋಗಿದ್ದಿ?”

ಕಸ್ತೂರಿ ತಂಬಿಗೆ ಇಸಿದುಕೊಂಡು, ಪೂರ್ತಿ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಒಂದು ತಾಸು ಓಡಿದ್ರ ಎಂಥ ಚಳ್ಯಾಗೂ ಕೈ ಬೆಚ್ಚಗಾಗ್ತಾವ್ರೀ,” ಎಂದಳು. “ವಾರ ಪೂರ್ತಿ ನಿಮ್ಮ ಕೈ ತಣ್ಣಗಿದ್ವಲ್ಲ. ನೀವು ಅಲ್ಲಿ ಕುಂತು ಏನು ಮಾಡ್ತಿದ್ರಿ?”

ಬೇಗಂ ಮಾಳಿಂಗರಾಯನ ಕಡೆ ತಿರುಗಿದಳು. ಅವನು ಕೈಯಲ್ಲಿದ್ದ ಬಾಳೆಹಣ್ಣನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.