ಮೇಷ್ಟ್ರ ಮೈಯೊಳಗಿನ ಬಾಡಿಗೆದಾರರು

ವೆಂಕಟಾಚಲ ಮೇಷ್ಟ್ರು ನಮ್ಮ ಮನೆ ಮಾಲೀಕರು. ಕೆಳಗೆ ಅವರು, ಮಹಡಿಯಲ್ಲಿ ನಾವು. ಜೀವಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ಮೇಲೆ ಅವರಿಗೆ ಯಂತ್ರ ಕಟ್ಟುವ ಹುಚ್ಚು ಹಿಡಿಯಿತು. ಈಗ ಪ್ರಯೋಗಾಲಯಕ್ಕೆ ಮಹಡಿಯೇ ಬೇಕಂತೆ! ಭಾನುವಾರ ಖಾಲಿ ಮಾಡಿ ಅಂದರು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡೇ ವಾರ. ಎಷ್ಟು ಗೋಗರೆದರೂ ಆಸಾಮಿ ಕರಗಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಸಾಮಾನೆಲ್ಲ ಅಂಗಳಕ್ಕಿಳಿದಿತ್ತು. ಅಂಥ ಹೊತ್ತಿನಲ್ಲಿ ಮೇಷ್ಟ್ರು ಹೊಸ ಯಂತ್ರ ತೋರಿಸಲು ನನ್ನನ್ನೇ ಕರೆದರು! ನಮ್ಮ ಜೀವಕೋಶಗಳೊಳಗೆ ಮೈಟೋಕಾಂಡ್ರಿಯ ಎಂಬ ಪುಟಾಣಿಗಳಿವೆಯಂತೆ. ಒಂದು ಕಾಲಕ್ಕೆ ಅವು ಸ್ವತಂತ್ರ ಬ್ಯಾಕ್ಟೀರಿಯಗಳು. ಇನ್ನೊಂದು ಜೀವಿಯ ಕೋಶ ಹೊಕ್ಕು, ಅಲ್ಲೇ ಬೀಡುಬಿಟ್ಟು, ಇವತ್ತಿಗೂ ನಮಗೆ ಶಕ್ತಿ ತಯಾರಿಸಿ ಕೊಡುತ್ತಿವೆಯಂತೆ. ಪೆಟ್ಟಿಗೆಯಂಥ ಈ ಯಂತ್ರ ಅವುಗಳ ಜತೆ ಮಾತಾಡುತ್ತದೆ!

ಮೇಷ್ಟ್ರು ಅದರ ತಂತಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಗುಂಡಿ ಒತ್ತಿದರು. ಪೆಟ್ಟಿಗೆಯಿಂದ ಗುಜುಗುಜು ಕೇಳಿತು.

"ನಮಸ್ಕಾರ ಸಾರ್," ಎಂದವು ಅವು, ಮರ್ಯಾದೆಯಾಗಿ.

ಬೇರೆ ಯಾರೇ ಆಗಿದ್ದರೂ ಥ್ಯಾಂಕ್ಸ್ ಹೇಳುತ್ತಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹೊಸ ಬಾಡಿಗೆದಾರರಿಗೆಲ್ಲ ಓದುವ ನಿಯಮಗಳನ್ನೇ ಓದಿದರು. ಗೋಡೆಗೆ ಮೊಳೆ ಹೊಡೆಯಬಾರದು. ನೆಂಟರು ಎರಡು ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಮಾಲೀಕರು ಹೇಳಿದ ದಿನ ಖಾಲಿ ಮಾಡಬೇಕು.

ಗುಜುಗುಜು ನಿಂತಿತು. ಮರುಕ್ಷಣ ಮೇಷ್ಟ್ರು ಒದ್ದೆ ಟವೆಲ್ಲಿನಂತೆ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದರು! ರೆಪ್ಪೆ ಎತ್ತಲೂ ತ್ರಾಣವಿಲ್ಲ. ಹೆಂಡತಿ ನಾಗಲಾಂಬಿಕೆ ಓಡಿಬಂದು ಗ್ಲೂಕೋಸು, ಪಾನಕ ಎಲ್ಲ ಬಾಯಿಗೆ ಹನಿಸಿದರು. ಊಹೂಂ.

"ಕೆಲಸ ನಿಲ್ಸಿದೀವಿ," ಎಂದಿತು ಪೆಟ್ಟಿಗೆ. "ನೂರೈವತ್ತು ಕೋಟಿ ವರ್ಷದಿಂದ ಇಲ್ಲೇ ಇದೀವಿ. ಈಗ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋಣ?"

ನನಗೆ ಕಣ್ಣಲ್ಲಿ ನೀರೇ ಬಂತು. ಪೆಟ್ಟಿಗೆಯ ಪಕ್ಕ ಕೂತು ನನ್ನ ಕಷ್ಟವನ್ನೂ ಹೇಳಿಕೊಂಡೆ. ಅವು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡವು.

"ಮೊದ್ಲು ಈಯಮ್ಮನ್ನ ಮಹಡೀಲಿ ಇರೋಕೆ ಬಿಡಿ ಸಾರ್. ಆಮೇಲೆ ನಿಮ್ಮ ಕೈಕಾಲು."

"ಹೂಂ ಅನ್ರೀ," ಎಂದರು ನಾಗಲಾಂಬಿಕೆ, ಗಂಡನ ಕಿವಿಗೆ ಬಾಗಿ. "ಇಲ್ದಿದ್ರೆ ನಿಮಗೆ ತುತ್ತು ಇಡೋದೇ ನನಗೊಂದು ಕೆಲಸ ಆಗತ್ತೆ."

ಮೇಷ್ಟ್ರ ತುಟಿ ಹೇಗೋ ಅಲುಗಿ, ಹೂಂ ಎಂದಿತು.

ಪೆಟ್ಟಿಗೆಯೊಳಗೆ ಜೈಕಾರವೋ ಜೈಕಾರ! ಸಂಭ್ರಮದಲ್ಲಿ ಅವು ಎಷ್ಟು ಶಕ್ತಿ ಬಿಟ್ಟವೋ, ಮೇಷ್ಟ್ರು ಚಂಗನೆ ಎದ್ದು ನಮ್ಮ ಕಬ್ಬಿಣದ ಬೀರುವನ್ನು ಒಂದೇ ಕೈಯಲ್ಲೆತ್ತಿ ಮೆಟ್ಟಿಲೇರಿದರು. ಆಮೇಲೆ ಮಂಚ, ಗ್ರೈಂಡರ್, ಮಗಳ ಮೇಜು. ಮೇಜಿಗೆ ಒರಗಿ ಓದುತ್ತಿದ್ದ ಮಗಳೂ ಅದರ ಜತೆಗೇ ಮೇಲೆ ಹೋದಳು! ಹತ್ತು ನಿಮಿಷದಲ್ಲಿ ಅಂಗಳ ಖಾಲಿ. ಆದರೆ ಮೇಷ್ಟ್ರ ಕೈಕಾಲು ನಿಲ್ಲಬೇಕಲ್ಲ? ಎದುರು ಮನೆಗೆ ನುಗ್ಗಿ ಅವರ ಸಾಮಾನನ್ನೂ ನಮ್ಮ ಮಹಡಿಗೇ ಹೊತ್ತು ತಂದರು.

ಇವತ್ತಿಗೆ ಮೂರು ದಿನ. ಎದುರು ಮನೆಯವರು ಫ್ರಿಜ್ ಕೇಳಲು ಇನ್ನೂ ಬಂದಿಲ್ಲ. ಅವರ ಮುಂಬಾಗಿಲೂ ನಮ್ಮಲ್ಲೇ ಇರುವುದರಿಂದ, ಪಾಪ, ಮನೆ ಬಿಟ್ಟು ಬರುವಂತಿಲ್ಲ.