ಮಾಮಾ ಗಾಳಿಯ ಮೇಲೆ ಕೂರಲು ಕಲಿತದ್ದು

ನಮ್ಮ ಸೋದರಮಾವ ಕುರ್ಚಿ ಇದ್ದರೆ ಕೂರುವವರಲ್ಲ, ಕುರ್ಚಿ ಇಲ್ಲದ ಕಡೆ ಕೂರುವವರು. ಶಹಾಪುರದ ಅವರ ಓಣಿಯವರೆಲ್ಲ ಇದನ್ನು ಕಣ್ಣಾರೆ ಕಂಡಿದ್ದಾರೆ. ಬೆಳಗ್ಗೆ ಮಾಳಿಗೆ ಹತ್ತಿ, ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಕಾಣದ ಕುದುರೆಯೊಂದನ್ನು ಏರಿದವರಂತೆ ಗಾಳಿಯ ಮೇಲೆ ಕೂತುಬಿಡುತ್ತಾರೆ. ಐವತ್ತು ದಾಟಿದ, ಹೊಟ್ಟೆ ಬಂದ, ಗೊಬ್ಬರದ ಅಂಗಡಿ ಇಟ್ಟಿರುವ ಮನುಷ್ಯ ಹೀಗೆ ಕೂತರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

ಎಲ್ಲರಿಗೂ ಬಂತು. ಎದುರು ಮನೆಯವರು ಇದು ಮಾಟವೆಂದು ತಮ್ಮ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು. ಪಕ್ಕದವರು ಮೂಲವ್ಯಾಧಿಯೆಂದು ತೀರ್ಮಾನಿಸಿ ಒಂದು ಚೀಲ ಮೂಲಂಗಿ ಕಳಿಸಿದರು. ಮಾಮಾ ಕಾರಣವನ್ನೂ ಕೇಳದೆ ರೊಟ್ಟಿಯ ಜೊತೆ ಅದನ್ನು ತಿಂದು ಮುಗಿಸಿದರು. ಅತ್ತೆಯ ಅನುಮಾನ ಮಾತ್ರ ಇವೆಲ್ಲಕ್ಕಿಂತ ಘನವಾದದ್ದು. ಅವರು ಶಾಲೆಯಲ್ಲಿ ಗಣಿತ ಕಲಿಸುವವರು. ಕೂಡಿಸಿ ನೋಡದೆ ಯಾವುದನ್ನೂ ಬಿಡುವವರಲ್ಲ. ಸುರಪುರದಲ್ಲಿದ್ದ ನನಗೆ ಫೋನ್ ಮಾಡಿ ದನಿ ತಗ್ಗಿಸಿದರು.

"ನಿಮ್ಮ ಮಾಮಾ ಪ್ರತಿ ಐತವಾರ ಯಾದಗಿರಿಗಿ ಹೋಗಾಕತ್ತಾರ. ಕೇಳಿದ್ರ ಗೊಬ್ಬರದ ಕೆಲಸ ಅಂತಾರ. ಈ ವಯಸ್ಸಿನ್ಯಾಗ ತೊಡಿ ಗಟ್ಟಿ ಮಾಡ್ಕೊಳ್ಳೋ ಗಂಡಸಿನ್ನ ನಂಬಬಾರ್ದು. ನೀ ಒಂದೀಟು ಹಿಂದ ಹೋಗಿ ನೋಡು."

ಅನುಮಾನ ಅಂಟುರೋಗ, ನನಗೂ ಹತ್ತಿತು. ಯೋಚಿಸಿದರೆ ಎಲ್ಲವೂ ವಿಚಿತ್ರವಾಗಿಯೇ ಇತ್ತು. ಹುಣಸಗಿಯ ಮದುವೆಯೊಂದರಲ್ಲಿ ಫೋಟೋಕ್ಕೆಂದು ಎಲ್ಲರೂ ಸಾಲಾಗಿ ನಿಂತಾಗ, ಸಮಯ ವ್ಯರ್ಥವಾಗಬಾರದೆಂದು ಮಾಮಾ ಹಿಂದಿನ ಸಾಲಿನಲ್ಲಿ ಮೆಲ್ಲಗೆ ತಮ್ಮ ಕುದುರೆ ಏರಿದ್ದರು. ಫೋಟೋದಲ್ಲಿ ಮದುಮಗಳ ಭುಜದ ಪಕ್ಕ ಒಂದು ಬೋಳು ತಲೆಯ ತುದಿ ಮಾತ್ರ ಮೂಡಿದೆ. ಅದು ಮನುಷ್ಯನೋ ತೆಂಗಿನಕಾಯಿಯೋ ಎಂದು ಬೀಗರು ಈಗಲೂ ಕೇಳುತ್ತಾರೆ!

ಮುಂದಿನ ಭಾನುವಾರ ನಾನು ಯಾದಗಿರಿಯ ಬಸ್ ನಿಲ್ದಾಣದಲ್ಲಿ ಪೇಪರು ಅಡ್ಡ ಹಿಡಿದು ಕಾದೆ. ಮಾಮಾ ಇಳಿದವರೇ ಒಂದು ಡಜನ್ ಬಾಳೆಹಣ್ಣು ಕೊಂಡರು. ಯಾರಿಗೆ? ಹಿಂದೆಯೇ ಹೋದರೆ ಅವರು ನುಗ್ಗಿದ್ದು ಒಂದು ಶಾಲೆಯ ಬಯಲಿಗೆ. ಅಲ್ಲಿ ಹೈದರಾಬಾದಿನಲ್ಲಿ ಕುಂಗ್‌ಫು ಕಲಿತು ಬಂದ ಮಾಸ್ತರರೊಬ್ಬರು ಹತ್ತಾರು ಜನರನ್ನು ಸಾಲಾಗಿ ನಿಲ್ಲಿಸಿ ಕಲಿಸುತ್ತಿದ್ದರು. ಬಾಳೆಹಣ್ಣು ಆ ಮಾಸ್ತರರಿಗೆ. ನನಗೆ ಸ್ವಲ್ಪ ನಿರಾಸೆಯೇ ಆಯಿತೆನ್ನಿ.

ಮಾಮಾ ಮೊದಲು ಈ ವಿದ್ಯೆಯನ್ನು ಮೊಬೈಲು ನೋಡಿ ಕಲಿಯಹೊರಟಿದ್ದರಂತೆ. ಮೊದಲ ದಿನವೇ ನೆಲ ಮುಟ್ಟುವಷ್ಟು ಕೆಳಗಿಳಿದು, ಏಳಲಾಗದೆ ಬಟ್ಟೆ ಒಣಹಾಕುವ ಹಗ್ಗ ಹಿಡಿದು, ಅತ್ತೆಯ ಸೀರೆಗಳ ಸಮೇತ ಉರುಳಿದ್ದರಂತೆ. ಮೊಣಕಾಲು ಊದಿಕೊಂಡದ್ದಕ್ಕೆ ಮೆಟ್ಟಿಲು ಜಾರಿತೆಂದು ಸುಳ್ಳು ಹೇಳಿದ್ದರು. ಈಗ ಮಾಸ್ತರರು ಅವರ ಭುಜ ಹಿಡಿದು ಮೇಲಕ್ಕೆತ್ತುತ್ತಿದ್ದರು.

"ಎಷ್ಟು ತೆಳಗ ಹೋದ್ರಿ ಅನ್ನೋದು ದೊಡ್ಡದಲ್ಲರಿ. ಮೊಣಕಾಲು ಒಳಗ ವಾಲಬಾರ್ದು, ಕಾಲ್ಬೆರಳು ಎತ್ಲಾಗದಾವೋ ಅತ್ಲಾಗೇ ಇರಬೇಕು. ಬೆನ್ನು ಬಾಗೂಕಿಂತ ಮೊದ್ಲ ನಿಲ್ಲಬೇಕು. ನೋವಾದ್ರ ತಡಕೊಳ್ಳೋದಲ್ಲ, ಮ್ಯಾಲ ಏಳೂದು."

ಮಾಮಾ ವಿಧೇಯ ವಿದ್ಯಾರ್ಥಿಯಂತೆ ಮೇಲೆದ್ದರು. ನನ್ನನ್ನು ಕಂಡರು. "ನಿಮ್ಮತ್ತಿ ಕಳಿಸ್ಯಾಳೇನು?" ಎಂದಷ್ಟೇ ಕೇಳಿ ಮತ್ತೆ ಕುದುರೆ ಏರಿದರು.

ಬರೀ ವ್ಯಾಯಾಮವಾದರೆ ಮುಚ್ಚಿಡುವುದೇಕೆ? ಅತ್ತೆಗೆ ವರದಿ ಒಪ್ಪಿಸಿದರೆ ಸಮಾಧಾನವಾಗಲಿಲ್ಲ. ಹೆಣ್ಣಿಲ್ಲವೆಂದಮೇಲೆ ಇನ್ನೂ ದೊಡ್ಡದೇನೋ ಇರಬೇಕೆಂದರು.

ಚಳಿ ಬಿದ್ದ ಮೇಲೆ ಒಂದು ರಜೆಯ ದಿನ ಶಹಾಪುರಕ್ಕೆ ಹೋದೆ. ಮಾಮಾನ ತಾಯಿ, ನಮ್ಮ ಅಜ್ಜಿ, ಕಾಲಿನ ಶಕ್ತಿ ಹೋಗಿ ಮಂಚ ಹಿಡಿದು ಬಹಳ ದಿನವಾಗಿತ್ತು. ಬೆಳಗ್ಗೆ ಸಂಜೆ ಅತ್ತೆ ಎಬ್ಬಿಸುತ್ತಿದ್ದರು. ಅವರು ಶಾಲೆಯಲ್ಲಿರುವ ಹೊತ್ತು ಮಾಮಾ ಅಂಗಡಿ ಮುಚ್ಚಿ ಬರುತ್ತಿದ್ದರು. ಅಂದು ಮಧ್ಯಾಹ್ನ ಅಜ್ಜಿಯನ್ನು ಎಬ್ಬಿಸಲು ಅತ್ತೆ ಏಳುವ ಮೊದಲೇ ಮಾಮಾ ಮಂಚದ ಬಳಿ ಹೋಗಿ ಕಾಲು ಅಗಲಿಸಿ ನಿಂತರು. ಬೆನ್ನು ಬಾಗಿಸದೆ ಕೆಳಗಿಳಿದರು. ಅಜ್ಜಿ ಅವರ ಕೊರಳಿಗೆ ಕೈ ಹಾಕಿದರು. ಮಾಮಾ ತೊಡೆಯ ಬಲದಲ್ಲೇ ನಿಧಾನವಾಗಿ ಎದ್ದು, ತಿರುಗಿ, ಅಜ್ಜಿಯನ್ನು ಕುರ್ಚಿಯ ಮೇಲೆ ಹೂವಿನಂತೆ ಇಳಿಸಿದರು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಾಮಾ ಅವರತ್ತ ನೋಡದೆ ಹೇಳಿದರು: "ಹ್ವಾದ ವರ್ಷ ಎತ್ತೋವಾಗ ನನ್ನ ಮೊಣಕಾಲು ಸೋತು ಯವ್ವ ಕೈಯಿಂದ ಜಾರಿದ್ಳು. ಪೆಟ್ಟೇನೂ ಆಗ್ಲಿಲ್ಲ. ಆದ್ರ ಅವತ್ತಿಂದ ನೀ ಸಾಲಿಗಿ ಹೋದ ಮ್ಯಾಲ ಹನಿ ನೀರು ಕುಡಿಯಾಕ ಒಲ್ಲಳು. ಕುಡದ್ರ ಬಚ್ಚಲಕ್ಕ ಹೋಗಾಕ ನಾ ಎತ್ತಬೇಕಾಗ್ತದಲ್ಲ."

"ನಂಗ್ಯಾಕ ಹೇಳ್ಲಿಲ್ಲರಿ?"

"ಹೇಳಿದ್ರ ನೀ ನೌಕರಿ ಬಿಟ್ಟು ಮನ್ಯಾಗ ಕುಂದ್ರತಿದ್ದಿ."

ಅಜ್ಜಿ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತ, ಯಾರಾದರೂ ನೀರು ಕೊಡಿರೆಂದರು. ಅತ್ತೆ ತಂಬಿಗೆ ತುಂಬಿ ತಂದು ಕೊಟ್ಟರು. ಅಜ್ಜಿ ತಲೆ ಹಿಂದಕ್ಕೆ ಚೆಲ್ಲಿ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, "ಇನ್ನೀಟು ಹಾಕು" ಎಂದು ತಂಬಿಗೆಯನ್ನು ಮುಂದೆ ಚಾಚಿದರು.