ಹಾಡಿಲ್ಲದೆ ಸೇಬಿಲ್ಲ

ಹೆಕ್ಟರ್: ಆಗಲ್ಲ ಅಂದ್ರೆ ಆಗಲ್ಲ. ಹಾಡು ಹೇಳ್ಲಿ, ಪದ್ಯ ಹೇಳ್ಲಿ, ಎರಡೂ ಬರದಿದ್ರೆ ಒಂದು ಜೋಕು ಹೇಳ್ಲಿ. ಆಮೇಲೆ ಸೇಬು.

ಎಫಿ: ಅದು ಐದು ವರ್ಷದ ಕೂಸು ಮಾರಾಯ. ನಿನ್ನ ಸ್ವಂತ ಮೊಮ್ಮಗಳು.

ಹೆಕ್ಟರ್: ಮೊಮ್ಮಗಳಾದ್ರೂ ಅಷ್ಟೇ, ಮಂತ್ರಿಯಾದ್ರೂ ಅಷ್ಟೇ. ಹ್ಯಾಲೋವೀನ್ ದಿನ ವೇಷ ಹಾಕ್ಕೊಂಡು ಬಾಗಿಲಿಗೆ ಬಂದೋರು ಏನಾದ್ರೂ ಮಾಡಿ ತೋರಿಸ್ಬೇಕು. ಸುಮ್ನೆ ಕೈ ಚಾಚಿದ್ರೆ ಅದು ಭಿಕ್ಷೆ.

ರಾಥ್ಸಿ ಎಂಬ ಊರಿನಲ್ಲಿ ಬಂದರಿನ ಹಿಂದಿನ ಬೀದಿಯ ಆ ಅಡುಗೆಮನೆಯಲ್ಲಿ ಮಧ್ಯಾಹ್ನದಿಂದಲೂ ಇದೇ ಪಂಚಾಯಿತಿ. ಎಫಿ ಕುರ್ಚಿ ಹತ್ತಿ ನಿಂತು, ಕಾಕಂಬಿ ಬಳಿದ ಬನ್ನುಗಳನ್ನು ದಾರಕ್ಕೆ ಕಟ್ಟಿ ತೂಗುಬಿಡುತ್ತಿದ್ದಳು. ಸಂಜೆ ಮಕ್ಕಳು ಕೈ ಹಿಂದೆ ಕಟ್ಟಿಕೊಂಡು, ಬಾಯಲ್ಲೇ ಕಚ್ಚಿ ತಿನ್ನಬೇಕು. ಕೆಳಗೆ ಅವಳ ಗಂಡ ಹೆಕ್ಟರ್ ಬಾಗಿಲಲ್ಲಿಡುವ ದೀಪ ಮಾಡಲು ಟರ್ನಿಪ್ ಗಡ್ಡೆಯೊಂದನ್ನು ಚಮಚದಿಂದ ಕೆರೆಯುತ್ತಿದ್ದ. ಅಂಗಡಿಯಲ್ಲಿ ಮೆತ್ತನೆಯ ಕುಂಬಳಕಾಯಿ ಬೇಕಾದಷ್ಟಿದೆ. ಆದರೆ ಅದು ಅಮೆರಿಕದವರ ಚಾಳಿ ಎಂಬುದು ಅವನ ತೀರ್ಮಾನ. ಹಾಗಾಗಿ ಕಲ್ಲಿನಂಥ ಗಡ್ಡೆ, ಬೊಬ್ಬೆ ಎದ್ದ ಅಂಗೈ, ಮನೆ ತುಂಬ ವಾಸನೆ.

ಎಫಿ: ಹೋದ ವರ್ಷ ಏನಾಯ್ತು, ಜ್ಞಾಪಕ ಇದೆಯಾ?

ಹೆಕ್ಟರ್: ಮಕ್ಕಳೆಲ್ಲಾ ಚೆನ್ನಾಗಿ ಹಾಡಿದ್ರು.

ಎಫಿ: ಮೊಮ್ಮಗಳು ಮಿರನ್?

ಹೆಕ್ಟರ್: ಅವಳು ಯೋಚ್ನೆ ಮಾಡ್ತಿದ್ಲು.

ಎಫಿ: ಯೋಚ್ನೆ ಅಲ್ಲ, ಅಳ್ತಿದ್ಲು! ನೀನು ಸೇಬು ಹಿಡ್ಕೊಂಡು ಪೊಲೀಸಿನವನ ಥರ ನಿಂತಿದ್ದೆ. ಮಗು ಅಮ್ಮನ ಕೋಟಿನೊಳಗೆ ಮುಖ ಹುದುಗಿಸ್ಕೊಂಡು ಬರಿಗೈಲಿ ಮನೆಗೆ ಹೋಯ್ತು. ಈ ಸಲವೂ ಹಾಗಾದ್ರೆ ಇನ್ಮೇಲೆ ತಾತನ ಮನೆಗೆ ಬರೋದೇ ಇಲ್ಲ ಅಂದಿದ್ದಾಳಂತೆ.

ಹೆಕ್ಟರ್: ಯಾರು ಹೇಳಿದ್ದು?

ಎಫಿ: ಇನ್ಯಾರು, ಅವರಮ್ಮ. ನಮ್ಮ ಶೋನಾ.

ಹೆಕ್ಟರ್: ಅಮ್ಮನ ಹತ್ರ ಅಷ್ಟುದ್ದ ಮಾತಾಡ್ತಾಳಾ? ಮತ್ತೆ! ಬಾಯಿ ಇದೆ ಅಂತಾಯ್ತಲ್ಲ!

ಎಫಿಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಬನ್ನಿಗೆ ಗಂಟು ಹಾಕಿ, ಅದು ಗಂಡನ ನೆತ್ತಿಯ ಮೇಲೆ ತೊಟ್ಟಿಕ್ಕುವಂತೆ ನೋಡಿಕೊಂಡಳು. ಆಮೇಲೆ ಅವನು ಚಾಕುವಿನಿಂದ ಗಡ್ಡೆಯಲ್ಲಿ ಕೊರೆಯುತ್ತಿದ್ದ ಮುಖದ ಕಡೆ ಕಣ್ಣು ಹಾಯಿಸಿದಳು.

ಎಫಿ: ಆ ಮುಖ ಯಾರ ಥರ ಇದೆ ಗೊತ್ತಾ?

ಹೆಕ್ಟರ್: ನಾನು ಬೇಕೂಂತ ಮಾಡಿಲ್ಲ. ಆ ಮೂಗು ತಾನಾಗೇ ಹಾಗೆ ಬಂತು.

ಎಫಿ: ಹೇಗೆ ಬಂತು?

ಹೆಕ್ಟರ್: ನಿಮ್ಮಮ್ಮನ ಥರ.

ಎಫಿ: ನಾನು ನಿನ್ನ ಥರ ಇದೆ ಅನ್ನೋಕೆ ಹೊರಟಿದ್ದೆ! ನಮ್ಮಮ್ಮ ಇದ್ರಲ್ಲಿ ಎಲ್ಲಿ ಬಂದ್ಲು?

ಹೆಕ್ಟರ್: ಬರ್ಲಿಲ್ಲ, ಬರ್ಲಿಲ್ಲ. ಮೂಗು ಸರಿಮಾಡ್ತೀನಿ.

ಎಫಿ: ಅದು ಹಾಗಿರ್ಲಿ. ನೀನು ಚಿಕ್ಕೋನಾಗಿದ್ದಾಗ ಮನೆಮನೆಗೆ ಹೋಗಿ ಏನು ಹಾಡ್ತಿದ್ದೆ?

ಹೆಕ್ಟರ್: ಬೇಕಾದಷ್ಟು.

ಎಫಿ: ಒಂದು ಹೇಳು, ಕೇಳೋಣ.

ಹೆಕ್ಟರ್: ಕೈಯಲ್ಲಿ ಚಾಕು ಇದೆ.

ಎಫಿ: ಹಾಡೋದು ಬಾಯಲ್ಲಿ.

ಹೆಕ್ಟರ್: ಮಳೆ ಬರೋ ಹಾಗಿದೆ, ಹೊರಗಡೆ ಬಟ್ಟೆ...

ಎಫಿ: ಬಟ್ಟೆ ಒಳಗಿದೆ. ನಿಮ್ಮಕ್ಕ ನನಗೆ ಎಲ್ಲಾ ಹೇಳಿದ್ದಾಳೆ. ಹಾಡೋಳು ಅವಳು. ನೀನು ಮುಖವಾಡ ಹಾಕ್ಕೊಂಡು ಅವಳ ಬೆನ್ನ ಹಿಂದೆ. ಕಡಲೆಕಾಯಿ ಕೊಡೋವಾಗ ಮಾತ್ರ ಮುಂದೆ.

ಹೆಕ್ಟರ್: ನಾನು ತಾಳ ಹಾಕ್ತಿದ್ದೆ!

ಎಫಿ: ಶೋನಾ ಮದ್ವೇಲಿ? ಊರೆಲ್ಲಾ ಹುಡುಗಿ ಅಪ್ಪ ಎದ್ದು ನಾಲ್ಕು ಮಾತಾಡ್ತಾನೆ ಅಂತ ಕಾಯ್ತಾ ಕೂತಿತ್ತು. ಎದ್ದೆ. 'ಸೂಪು ಆರ್ತಾ ಇದೆ' ಅಂದೆ. ಕೂತೆ.

ಹೆಕ್ಟರ್: ಆರ್ತಿತ್ತು ಎಫಿ.

ನಗಬೇಕೆಂದಿದ್ದ ಎಫಿ ಗಂಡನ ಮುಖ ನೋಡಿ ಬನ್ನು ಕಟ್ಟುವುದನ್ನು ನಿಲ್ಲಿಸಿದಳು. ಅವನು ಚಾಕುವನ್ನು ಕೆಳಗಿಟ್ಟಿದ್ದ.

ಹೆಕ್ಟರ್: ಅದಕ್ಕೇ ಕಣೇ ಹೇಳ್ತಿರೋದು. ಅವತ್ತು ಮಗಳಿಗೆ ಹೇಳ್ಬೇಕಾದ್ದೆಲ್ಲಾ ಹೊಟ್ಟೇಲೇ ಉಳೀತು. ಇವತ್ತಿಗೂ ಅಲ್ಲೇ ಇದೆ. ಮಿರನ್ ನನ್ನ ಥರಾನೇ. ಕೋಟು ಸಿಕ್ಕಿದ್ರೆ ಕೋಟಿನ ಹಿಂದೆ, ಬಾಗಿಲು ಸಿಕ್ಕಿದ್ರೆ ಬಾಗಿಲ ಹಿಂದೆ. ಈಗ ಬಾಯಿ ಬಿಡದಿದ್ರೆ ಮುದುಕಿಯಾದ್ರೂ ಬಿಡಲ್ಲ. ನನಗೆ ಭಯ ಆಗುತ್ತೆ.

ಎಫಿಗೆ ಪಾಪ ಅನ್ನಿಸಿತು. ಕೆಳಗಿಳಿದು ತಲೆ ಸವರೋಣವೆಂದರೆ ಕೈ ತುಂಬ ಕಾಕಂಬಿ. ಆದರೂ ಮರುಗಿದ ಮಾತ್ರಕ್ಕೆ ವಾದ ಬಿಟ್ಟುಕೊಡುವ ಹೆಂಗಸಲ್ಲ ಅವಳು.

ಎಫಿ: ಸರಿ, ನಿನಗೆ ಭಯ ಅಂತ ಅವಳನ್ನ ಹೆದರಿಸ್ತೀಯಾ? ಈ ಸಲ ಮಗು ಅತ್ರೆ, ಆ ಗಡ್ಡೇನ ಬಾಗಿಲಿಗೆ ಇಡಲ್ಲ. ನಿನ್ನನ್ನೇ ಇಡ್ತೀನಿ.

ಕತ್ತಲಾಗುವ ಹೊತ್ತಿಗೆ ಬಾಗಿಲು ಬಡಿದ ಸದ್ದು. ಮೊದಲು ನುಗ್ಗಿದವರು ಪಕ್ಕದ ಮನೆಯ ಇಬ್ಬರು ಹುಡುಗರು: ಒಬ್ಬ ಕರಿಬೆಕ್ಕು, ಒಬ್ಬ ಕಡಲುಗಳ್ಳ. ಬೆಕ್ಕು ಹಾಡಿತು, ಕಳ್ಳ ಲಾಗ ಹಾಕಿದ. ಸೇಬು, ಕಡಲೆಕಾಯಿ ಜೇಬು ಸೇರಿದವು. ಅವರ ಹಿಂದೆ ಶೋನಾ, ಶೋನಾಳ ಹಿಂದೆ ಕಣ್ಣಿಗೆ ಎರಡು ತೂತು ಕೊರೆದ ಬಿಳಿ ಹಾಸಿಗೆ ಹೊದಿಕೆ. ಕೆಳಗಿನಿಂದ ಪುಟ್ಟ ಬೂಟುಗಳು ಮಾತ್ರ ಕಾಣುತ್ತಿದ್ದವು.

ಹೆಕ್ಟರ್: ಓಹೋ, ದೆವ್ವ! ಏನಾದ್ರೂ ಒಂದು ಹೇಳು ಪುಟ್ಟೀ. ಚಿಕ್ಕದಾದ್ರೂ ಸಾಕು.

ದೆವ್ವ ಶೋನಾಳ ಕೋಟಿಗೆ ಅಂಟಿಕೊಂಡಿತು. ಬೂಟುಗಳು ಒಂದನ್ನೊಂದು ತುಳಿದವು. ಶೋನಾ ತಾಯಿಯ ಮುಖ ನೋಡಿದಳು, ಎಫಿ ಗಂಡನನ್ನು ಕಣ್ಣಲ್ಲೇ ಸುಟ್ಟಳು. ಇನ್ನು ತಡೆಯಲಾರೆನೆಂದು ಸೇಬಿನ ಬುಟ್ಟಿಗೆ ಕೈ ಹಾಕಿದಳು. ಆಗ ಹೊದಿಕೆಯೊಳಗಿಂದ ಸಣ್ಣ ದನಿ ಬಂತು.

ಮಿರನ್: ತಾತ, ನೀನು ಮೊದಲು.

ಹುಡುಗರು: ಹೌದು! ತಾತ ಮೊದಲು! ತಾತ ಮೊದಲು!

ಹೆಕ್ಟರ್: ನಾನ್ಯಾಕೆ? ನಾನು ಸೇಬು ಕೊಡೋನು!

ಎಫಿ: ಮಂತ್ರಿಯಾದ್ರೂ ಅಷ್ಟೇ ಅಂದೋರು ಯಾರಪ್ಪಾ?

ಹೆಕ್ಟರನ ಕಿವಿ ಕೆಂಪಾಯಿತು. ಇಂಥ ಗಳಿಗೆಗಾಗಿ ಎಫಿ ಮದುವೆಯಾದ ದಿನದಿಂದ ಕಾದಿದ್ದಳು. ಈಗ ನೋಡಿದರೆ ಅವನು ಬಾಗಿಲ ಹಿಂದಕ್ಕೆ ಸರಿಯುತ್ತಿದ್ದಾನೆ, ಅವಳಿಗೆ ನಗುವೇ ಬರುತ್ತಿಲ್ಲ. ಹೆಕ್ಟರ್ ಮೆಲ್ಲಗೆ ಬಗ್ಗಿ ಆ ಎರಡು ತೂತುಗಳೊಳಗೆ ನೋಡಿದ.

ಹೆಕ್ಟರ್: ಒಳಗೆ ಜಾಗ ಇದೆಯಾ?

ಮಿರನ್: ಬಗ್ಗಿದ್ರೆ ಇದೆ.

ಅಷ್ಟು ದೊಡ್ಡ ಆಳು ಮಂಡಿಯೂರಿ ಹೊದಿಕೆಯೊಳಗೆ ನುಸುಳಿದ. ಒಳಗೆ ಪಿಸಪಿಸ ನಡೆಯಿತು, ಒಂದು ಕಿಸಕ್ ನಗುವೂ ಕೇಳಿತು. ಆಮೇಲೆ ಪುಟ್ಟ ದನಿಯಲ್ಲಿ ಪ್ರಶ್ನೆ.

ಮಿರನ್: ದೆವ್ವಕ್ಕೆ ಗೋಡೆ ದಾಟೋಕೆ ಬರುತ್ತಲ್ಲ, ಮತ್ಯಾಕೆ ಬಾಗಿಲಿಗೆ ಬಂತು?

ಹೆಕ್ಟರ್: ಯಾಕೆ ಅಂದ್ರೆ... ದೆವ್ವ ದಾಟುತ್ತೆ, ಸೇಬು ದಾಟಲ್ವಲ್ಲ!

ಬೆಕ್ಕು, ಕಳ್ಳ ನೆಲಕ್ಕೆ ಬಿದ್ದು ನಕ್ಕರು. ಶೋನಾ ಚಪ್ಪಾಳೆ ತಟ್ಟಿದಳು. ಮಿರನ್ ಹೊದಿಕೆಯಿಂದ ಹೊರಗೆ ಬಂದು ಅದನ್ನೇ ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಕೂಗಿ ಹೇಳಿದಳು. ದೆವ್ವದ ದೊಡ್ಡ ಅರ್ಧ ಮಾತ್ರ ಒಳಗೇ ಉಳಿದಿತ್ತು.

ಎಫಿ: ಸಾಕು, ಹೊರಗೆ ಬಾ. ಸೊಂಟ ಹಿಡ್ಕೊಳ್ಳುತ್ತೆ.

ಹೆಕ್ಟರ್: ತಾಳು, ಇನ್ನೂ ಒಂದಿದೆ. ಶೋನಾ, ಇದ್ದೀಯಾ?

ಶೋನಾ: ಇಲ್ಲೇ ಇದ್ದೀನಿ ಅಪ್ಪ.

ಹೆಕ್ಟರ್: ಮದ್ವೆ ದಿನ ನೀನು ಎಷ್ಟು ಚೆನ್ನಾಗಿ ಕಾಣ್ತಿದ್ದೆ ಅಂದ್ರೆ, ನನಗೆ ಉಸಿರೇ ನಿಂತ ಹಾಗಾಗಿತ್ತು. ನೀನಂದ್ರೆ ನನಗೆ ಜೀವ ಕಣಮ್ಮ. ಅವತ್ತೇ ಹೇಳ್ಬೇಕಿತ್ತು.

ಶೋನಾ ಬಾಯಿಗೆ ಕೈ ಅಡ್ಡ ಹಿಡಿದಳು. ಎಫಿ ಕಾಕಂಬಿ ಕೈಯಲ್ಲೇ ಕಣ್ಣೊರೆಸಿಕೊಂಡು, ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ಕೆಂಪಾದ ಸೇಬನ್ನು ಆರಿಸಿ ಹೊದಿಕೆಯೊಳಗಿಂದ ಚಾಚಿದ ದೊಡ್ಡ ಕೈಯ ಕಡೆ ನೀಡಿದಳು. ಅಷ್ಟರಲ್ಲಿ ಪಕ್ಕದಿಂದ ಒಂದು ಪುಟ್ಟ ಕೈ ಬಂದು ಅದನ್ನು ಅಡ್ಡಗಟ್ಟಿತು.

ಮಿರನ್: ಕೊಡ್ಬೇಡ ಅಜ್ಜಿ! ಅದು ಹಾಡೂ ಅಲ್ಲ, ಪದ್ಯಾನೂ ಅಲ್ಲ, ಜೋಕಂತೂ ಅಲ್ವೇ ಅಲ್ಲ!